ಎರಡು ದಿನ ಮೊದಲೇ ಬಂದ ಹುಣ್ಣಿಮೆ

ಅಮ್ಮನ ತಿಥಿಯನ್ನು ನನಗೆ ನೆನಪಿಸಿದ್ದು ಎದುರುಮನೆಯ ಚೀನೀ ಆಂಟಿ.

ನಾವಿರುವ ಮಲೇಷ್ಯಾದ ನಿಲಾಯ್‌ನಲ್ಲಿ ಆಗ ಪೂರ್ತಿ ಲಾಕ್‌ಡೌನ್. ಅಮ್ಮ ಮೈಸೂರಿನಲ್ಲಿ ಕೋವಿಡ್‌ನಿಂದ ತೀರಿಕೊಂಡು ತಿಂಗಳಾಗುತ್ತಿತ್ತು. ಒಬ್ಬನೇ ಮಗ ನಾನು. ವಿಮಾನವಿಲ್ಲದೆ ಚಿತೆಯನ್ನು ಫೋನಿನಲ್ಲಿ ನೋಡಿದವನು. (ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.) ಮೊದಲ ತಿಂಗಳ ಎಡೆಯಾದರೂ ತಪ್ಪಬಾರದೆಂದು ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿ ಕಾಯುತ್ತಿದ್ದೆ.

ಅವತ್ತು ಬೆಳಿಗ್ಗೆ ಕಾರಿಡಾರಿನಲ್ಲಿ ಲಿಮ್ ಆಂಟಿ ಊದುಬತ್ತಿ ಹಚ್ಚುತ್ತಿದ್ದರು.

"ಇವತ್ತು ಅಮ್ಮನಿಗೆ ಏನಡುಗೆ?"

"ಅದು ನಾಡಿದ್ದು, ಆಂಟಿ."

"ಇವತ್ತು ಲಾ! ನೀನು ಇಲ್ಲಿ ನಿಂತು ಅತ್ತ ದಿನವೂ ನಾನು ಹದಿನೈದನೇ ದಿನದ ಬತ್ತಿ ಹಚ್ಚಿದ್ದೆ. ಮತ್ತೆ ಹದಿನೈದು ಬಂತಲ್ಲ?" (ಮಾತಿನ ಬಾಲಕ್ಕೆ 'ಲಾ' ಸೇರಿಸುವುದು ಇಲ್ಲಿನವರ ರೂಢಿ.)

ಹೌದು. ಅವರ ತಿಂಗಳ ಹದಿನೈದೆಂದರೆ ನಮ್ಮ ಹುಣ್ಣಿಮೆ; ಅಮ್ಮ ಹೋದದ್ದು ಹುಣ್ಣಿಮೆಯಂದು. ತಿಥಿಯನ್ನು ನಾನು ತಾರೀಖಿನಲ್ಲಿ ಎಣಿಸಿದ್ದೆ, ಆಫೀಸಿನ ಡೆಡ್‌ಲೈನ್ ಎಣಿಸುವ ಹಾಗೆ!

"ನಿನ್ನ ಕ್ಯಾಲೆಂಡರ್ ನೆಟ್ಟಗೆ ಹೋಗುತ್ತೆ. ಚಂದ್ರ ತುಂಬ್ತಾನೆ, ಸವೀತಾನೆ, ಮತ್ತೆ ತುಂಬ್ತಾನೆ. ನಮ್ಮವರು ಹೇಳೋ ತಾವೋ, ಲೋಕ ನಡೆಯೋ ದಾರಿ, ಅಂದ್ರೆ ಅಷ್ಟೇ. ಹೋಗು, ಅಡುಗೆ ಮಾಡು."

ಮನೆಯಲ್ಲಿ ಕಾಫಿಪುಡಿ ಮುಗಿದಿತ್ತು. ಕಾಫಿಯಿಲ್ಲದ ಎಡೆಯೆ, ನಮ್ಮಮ್ಮನಿಗೆ? (ನಾನು ಮಾಡಿದ ಕಾಫಿಯನ್ನು 'ಸಕ್ಕರೆ ಸಾಲ್ದು ಕಣೋ' ಎನ್ನದೆ ಅವಳು ಕುಡಿದದ್ದೇ ಇಲ್ಲ.) ಪಕ್ಕದ ಮನೆಯ ವಂಜಿರು, ಕೀನ್ಯಾದ ಲೆಕ್ಚರರ್, ತನ್ನೂರಿನ ಪುಡಿ ತಂದುಕೊಟ್ಟಳು. ನನ್ನ ಮಗಳು ಗೌರಿಗೆ ಅಮ್ಮನ ಹೆಸರನ್ನೇ ಇಟ್ಟಿದ್ದೇವೆ ಎಂದಾಗ ನಕ್ಕುಬಿಟ್ಟಳು.

"ನಂದೂ ಅಜ್ಜಿ ಹೆಸರೇ. ಅಪ್ಪ ನನ್ನನ್ನ ಅಮ್ಮ ಅಂತಲೇ ಕರೆಯೋದು. ಬೈಯೋಕೂ ಹೆದರ್ತಾರೆ, ಪಾಪ!"

ಅವರಲ್ಲಿ, ಮನೆಮಂದಿ ಹೆಸರು ಹಿಡಿದು ಕರೆಯುತ್ತಿರುವಷ್ಟು ಕಾಲ ಸತ್ತವರು ಮನೆಯವರೇ ಅಂತೆ. ಮಗುವಾಗಿ ಮತ್ತೆ ಒಳಗೆ ಬರುತ್ತಾರಂತೆ.

ಕಾಲ ಮುಂದಕ್ಕೇ ಹರಿಯುತ್ತದೆ ಎಂದು ನಮಗೆ ಹೇಳಿಕೊಟ್ಟವರು ಯಾರು? ಅವತ್ತು ಅದು ನಮ್ಮ ಕಾರಿಡಾರಿನಲ್ಲಿ, ಮೂರು ಬಾಗಿಲುಗಳ ನಡುವೆ, ಊದುಬತ್ತಿಯ ಹೊಗೆಯಂತೆ ಮೆಲ್ಲಗೆ ಸುತ್ತುತ್ತಿತ್ತು.

ಎಡೆ ಇಟ್ಟೆ. ಅನ್ನ, ಸಾರು, ಲೋಟದಲ್ಲಿ ಕಾಫಿ. ಕೈಮುಗಿದು ಕಣ್ಣು ಮುಚ್ಚಿದೆ. ತೆರೆದಾಗ ಏಳು ವರ್ಷದ ಗೌರಿ ಆ ಕಾಫಿಯನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ್ದಳು.

"ಮೋರ್ ಶುಗರ್ ಲಾ, ಅಪ್ಪ."

ಎಡೆ ಎಂಜಲು ಮಾಡಿದ್ದಕ್ಕೆ ಬೈಯಬೇಕಿತ್ತು. ಆದರೆ ಹೆತ್ತಮ್ಮನನ್ನು ಬೈಯುವುದು ಹೇಗೆ, ಹೇಳಿ?