ಶ್ರಾವಣದಲ್ಲಿ ಬಂದ ಅತ್ತಿಮರದ ಅಣಬೆ

ನಮ್ಮ ಗದ್ದೆಯ ಪಕ್ಕ, ನಾಲೆ ಏರಿಯ ಮೇಲೆ ಅತ್ತಿಮರದ ಬೊಡ್ಡೆಯೊಂದಿತ್ತು. ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಅದರ ಮೈತುಂಬ ಬಿಳಿ ಕಿವಿಗಳಂತೆ ಅಣಬೆ ಏಳುತ್ತಿತ್ತು. ನಮ್ಮತ್ತೆ ಮದುವೆಯಾಗಿ ಬಂದಂದಿನಿಂದ ಅದನ್ನು ಕಿತ್ತು ಸಾರು ಮಾಡಿದವರು. ಅಂಗಡಿಯ ಅಣಬೆ ಬೇಯಿಸಿ ಹಾಕಿದರೆ, "ರಬ್ಬರು ಕಣವ್ವ ಇದು," ಎಂದು ತಟ್ಟೆ ತಳ್ಳುತ್ತಿದ್ದರು.

ನಾಲೆ ರಿಪೇರಿಗೆ ಬಂದವರು ಬೊಡ್ಡೆಯನ್ನು ಕೀಳುತ್ತಾರೆಂದು ಗೊತ್ತಾದ ದಿನ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಮಂಡ್ಯದಲ್ಲಿ ಅಣಬೆ ಬೇಸಾಯ ಹೇಳಿಕೊಡುವ ಒಬ್ಬ ಮೇಡಂ ನನಗೆ ಗೊತ್ತಿದ್ದರು. ಕೊನೆಯ ಗೊಂಚಲನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅವರು ಒಂದು ಅಣಬೆ ಸೀಳಿ, ಒಳಗಿನ ತಿರುಳಿನ ಚೂರನ್ನು ಬಾಟಲಿಗೆ ಹಾಕಿದರು. ಅದು ಬೆಳ್ಳಗೆ ಹಬ್ಬಿದ ಮೇಲೆ, ಬೇಯಿಸಿದ ಜೋಳದ ಕಾಳಿಗೆ ಹತ್ತಿಸಿ ಬೀಜ ಮಾಡಿಕೊಟ್ಟರು.

"ಕಾಡಣಬೆ ಅಕ್ಕ. ನಾವು ಹೇಳಿದ ಹಾಗೆ ಕೇಳುತ್ತೆ ಅಂತೇನಿಲ್ಲ," ಎಂದರು.

ಕೇಳಲೂ ಇಲ್ಲ. ಭತ್ತದ ಹುಲ್ಲು ಬೇಯಿಸಿ, ನೀರು ಬಸಿದು, ಬೀಜ ಬೆರೆಸಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಹಳೆಯ ಕೊಟ್ಟಿಗೆಯಲ್ಲಿ ನೇತುಹಾಕಿದ್ದೆ. ಒಂದೊಂದಕ್ಕೇ ಹಸಿರು ಬೂಸ್ಟು ಹಿಡಿಯಿತು. ಕೆಟ್ಟವನ್ನೆಲ್ಲ ದೂರ ಒಯ್ದು ಹೂತೆ. ಮೂಲೆಯ ಒಂದೇ ಒಂದು ಚೀಲ ಉಳಿಯಿತು. ಅದನ್ನು ನಮ್ಮ ಮನೆದೇವರು ಮುತ್ತತ್ತಿರಾಯನಿಗೆ ಒಪ್ಪಿಸಿ, ದಿನಾ ದೇವರ ದೀಪ ಹಚ್ಚಿದ ಮೇಲೆ ಹೋಗಿ ನೀರು ಚಿಮುಕಿಸಿ ಬರುತ್ತಿದ್ದೆ.

ಶ್ರಾವಣದ ಒಂದು ಬೆಳಗ್ಗೆ ಆ ಚೀಲದ ತೂತುಗಳಲ್ಲಿ ಅದೇ ಬಿಳಿ ಕಿವಿಗಳು ಅರಳಿದ್ದವು. ಅತ್ತೆಯನ್ನು ಕೈಹಿಡಿದು ಕರೆತಂದೆ. ಮುಟ್ಟಿದರು, ಮೂಸಿದರು, ನಕ್ಕರು. ನಮ್ಮ ಯಜಮಾನರು "ಮಸಾಲೆ ಅರಿ ಮತ್ತೆ" ಎಂದದ್ದೇ ತಡ, ಅತ್ತೆ ತಿರುಗಿಬಿದ್ದರು.

"ಸ್ರಾವಣ ಕಣ್ಲಾ! ಅಣಬೆನೂ ಬಾಡೇಯ. ವಸಿ ನಾಲ್ಗೆ ಕಟ್ಕಂಡಿರಕಾಗಲ್ವಾ ನಿಂಗೆ?"

"ಸ್ರಾವಣ ಮುಗಿಯೋಗಂಟ ಇದು ಕಾಯ್ತದೇನವ್ವ? ಕೊಳ್ತೋಯ್ತದೆ."

"ಕೊಳೀಲಿ ಬುಡು!"

ನಮ್ಮ ಮನೆಯಲ್ಲಿ ಅಣಬೆಯೂ ಮಾಂಸದ ಲೆಕ್ಕವೇ. ಶ್ರಾವಣದಲ್ಲಿ ಒಲೆ ಮೇಲೆ ಇಡುವುದಿಲ್ಲ. ಆ ರುಚಿಗೆ ಎಲ್ಲರಿಗಿಂತ ಹಂಬಲಿಸಿದವರೇ ಹೀಗೆಂದ ಮೇಲೆ ಅಣಬೆಯನ್ನೆಲ್ಲ ಕಿತ್ತು ಪೊಟ್ಟಣ ಕಟ್ಟಿದೆ. ಎಸೆಯಲು ಮನಸ್ಸಾಗದೆ, ಮೇಡಂ ಆದರೂ ತಿನ್ನಲಿ ಎಂದು ಒಯ್ದೆ.

ಪೊಟ್ಟಣ ಬಿಚ್ಚಿ ನೋಡಿದವರೇ ಕುರ್ಚಿಯಿಂದ ಎದ್ದರು. ಅವರ ಬಳಿ ಉಳಿದಿದ್ದ ತಿರುಳಿನ ಬಾಟಲಿಗೂ ಬೂಸ್ಟು ಹಿಡಿದು ಹಾಳಾಗಿತ್ತಂತೆ. ನನಗೆ ಹೇಳಲು ಬಾಯಿ ಬಾರದೆ ಸುಮ್ಮನಿದ್ದರಂತೆ. ಬೊಡ್ಡೆಯಂತೂ ಆಗಲೇ ಹೋಗಿತ್ತು.

"ಸಾರು ಮಾಡಿದ್ರೆ ಈ ತಳಿ ಇವತ್ತಿಗೆ ಮುಗೀತಿತ್ತು ಅಕ್ಕ," ಎಂದರು. "ಚೀಲದಲ್ಲಿ ಬದುಕೋದನ್ನ ಇದು ಕಲಿತುಬಿಟ್ಟಿದೆ. ಇದರ ತಿರುಳಿಂದಲೇ ಮತ್ತೆ ಬೀಜ ಮಾಡೋಣ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮುತ್ತತ್ತಿರಾಯನನ್ನು ನೆನೆದೆ. ಅತ್ತೆಯನ್ನೂ.

ದೀಪಾವಳಿ ಕಳೆದ ಮೇಲೆ ಹೊಸ ಚೀಲಗಳು ಒಟ್ಟಿಗೇ ಅರಳಿದವು. ಭಾನುವಾರ ಮುದ್ದೆ ಇಟ್ಟು, ಸಾರು ಬಿಟ್ಟು, ಅತ್ತೆಯ ಮುಖವನ್ನೇ ನೋಡುತ್ತ ನಿಂತೆ. ಒಂದು ತುತ್ತು ನುಂಗಿದರು.

"ಉಪ್ಪು ವಸಿ ಕಮ್ಮಿ ಕಣವ್ವ."

ಆಮೇಲೆ ತಟ್ಟೆ ಚಾಚಿದರು. "ಇನ್ನೊಂದ್ ಸೌಟು ಬುಡು. ಅತ್ತಿಮರದ್ದೇಯ ಇದು."