ಹಳದಿ ಬೆರಳಿನ ಪಿಚರ್

ಆ ಸೀಸನ್ನಿನ ಮೊದಲ ವಾರ ಆಸ್ಟ್ರೇಲಿಯಾದ ನಮ್ಮ ಪರ್ತ್ ತಂಡ ಆಡಿದ ಬೇಸ್‌ಬಾಲ್ ಪಂದ್ಯಗಳನ್ನೆಲ್ಲ ಸೋತಿತು. ಸೋಲಿಗೆ ನಾನು ಮಾಡುವ ಹುಳಿಯೇ ಕಾರಣ ಎಂದು ನಮ್ಮ ಬಡಾವಣೆ ಎಲೆನ್‌ಬ್ರೂಕ್‌ನ ಕನ್ನಡದ ಮಂದಿ ತೀರ್ಪು ಕೊಟ್ಟರು. ತೀರ್ಪು ಕೊಟ್ಟವರಲ್ಲಿ ಒಬ್ಬರೂ ಬೇಸ್‌ಬಾಲ್ ಮೈದಾನದ ಗೇಟು ದಾಟಿದವರಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಇವತ್ತಿಗೂ ಪೂರ್ತಿ ಆರಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಂಡದ ಸೋಲಿಗೂ ನನ್ನ ಅಡುಗೆಮನೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಇಲ್ಲಿಯ ಬೇಸ್‌ಬಾಲ್ ಲೀಗು ವೃತ್ತಿಪರವೇ ಆದರೂ ಕ್ರಿಕೆಟ್ಟಿನ ಹಾಗೆ ದುಡ್ಡು ಸುರಿಯುವ ಜಾಗವಲ್ಲ. ಅಮೆರಿಕದಿಂದಲೋ ಜಪಾನಿನಿಂದಲೋ ಬೇಸಿಗೆಗೆಂದು ಬರುವ ಆಟಗಾರರನ್ನು ಊರಿನ ಅಭಿಮಾನಿಗಳೇ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುತ್ತಾರೆ. ನಾನು ಈ ತಂಡದ ಬೆನ್ನು ಹತ್ತಿ ಹಲವು ವರ್ಷಗಳಾಗಿವೆ. ಮೊದಲ ಸಲ ಆಫೀಸಿನವರು ಎಳೆದುಕೊಂಡು ಹೋಗಿದ್ದರು, ಎರಡನೇ ಸಲದಿಂದ ನಾನೇ ಹೋದೆ. ಸಂಜೆಯ ಸಮುದ್ರದ ಗಾಳಿ, ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಒಂದಿಷ್ಟು ಜನ. ನೀನು ಯಾರ ಹೆಂಡತಿ, ಯಾರ ತಾಯಿ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ನಾನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಮೈಸೂರಿನವಳು, ನೀರಿನ ಪೈಪುಗಳ ಎಂಜಿನಿಯರು. ಎಲೆನ್‌ಬ್ರೂಕ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಕೊಂಡಾಗ "ಒಬ್ಳಿಗ್ಯಾಕಮ್ಮಾ ಅಷ್ಟೊಂದು ರೂಮು?" ಎಂದು ಕೇಳದವರೇ ಇರಲಿಲ್ಲ. ಕ್ಲಬ್ಬಿನವರು ಆಟಗಾರರಿಗೆ ಮನೆ ಬೇಕು ಎಂದಾಗ ನಾನು ಕೈ ಎತ್ತಿದ್ದರಲ್ಲಿ ಅವರ ಬಾಯಿ ಮುಚ್ಚಿಸುವ ಹಟವೂ ಸ್ವಲ್ಪ ಇತ್ತು.

ಬಂದವನು ಪಿಚರ್, ಅಂದರೆ ಚೆಂಡು ಎಸೆಯುವವನು. ಇಪ್ಪತ್ತನಾಲ್ಕು ವರ್ಷದ ಅಮೆರಿಕದ ಹುಡುಗ, ನನ್ನ ಬಾಗಿಲಿನ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಅವನು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ, ನನಗೆ ನೆನಪಿರುವುದು ಮಾತ್ರ ನನ್ನ ಕನ್ನಡದಲ್ಲಿ. ಮೊದಲ ಸಂಜೆಯೇ ಅವನು ತನ್ನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಅವನ ದೇಶದ ಕ್ಲಬ್ಬು ಅವನನ್ನು ಕೈಬಿಟ್ಟಿತ್ತು. ವಾಪಸು ಹೋದರೆ ಭಾವನ ಟೈರ್ ಅಂಗಡಿಯಲ್ಲಿ ಕೆಲಸ ಕಾದಿತ್ತು. ಇಲ್ಲಿ ಒಂದು ಸೀಸನ್ ಪೂರ್ತಿ ಆಡಿದರೆ ಯಾರಾದರೂ ಮತ್ತೆ ಕರೆದಾರು ಎಂಬುದು ಅವನ ಆಸೆ. ಆದರೆ ಒಂದು ತಂಡ ಇಷ್ಟೇ ವಿದೇಶಿಯರನ್ನು ಇಟ್ಟುಕೊಳ್ಳಬಹುದು ಎಂಬ ಮಿತಿ ಇದೆ. ಬ್ರಿಸ್ಬೇನ್ ಪ್ರವಾಸದವರೆಗೆ ನೋಡುತ್ತಾರೆ, ಆಮೇಲೆ ಯಾರು ಉಳಿಯಬೇಕು, ಯಾರು ವಿಮಾನ ಹತ್ತಬೇಕು ಎಂದು ತೀರ್ಮಾನಿಸುತ್ತಾರೆ.

"ಇಲ್ಲಿ ಆಗ್ಲಿಲ್ಲ ಅಂದ್ರೆ ಟೈರು," ಎಂದು ಅವನು ನಕ್ಕ. ಆ ನಗುವಿನಲ್ಲಿ ನಗು ಇರಲಿಲ್ಲ.

ನನ್ನ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಎಂದು ಕ್ಲಬ್ಬಿಗೆ ಮೊದಲೇ ಹೇಳಿದ್ದೆ. ಹಿತ್ತಲಲ್ಲಿ ಬಾರ್ಬಿ, ಅಂದರೆ ಮಾಂಸ ಸುಡುವ ಒಲೆ, ಇದೆ, ಬೇಕಾದ್ದನ್ನು ಅಲ್ಲಿ ಸುಟ್ಟುಕೋ ಎಂದು ಅವನಿಗೂ ಹೇಳಿದೆ. ಒಂದೆರಡು ಸಲ ಸುಟ್ಟುಕೊಂಡ, ಆಮೇಲೆ ಬಿಟ್ಟ. ಅಮ್ಮನ ಹದದ ಹುಳಿಪುಡಿಯಲ್ಲಿ ಮಾಡಿದ ಹುಳಿ ಅವನಿಗೆ ಹಿಡಿಸಿಬಿಟ್ಟಿತು. ಮೊದಮೊದಲು ಫೋರ್ಕಿನಲ್ಲಿ ಅನ್ನವನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವನು ಒಂದು ಸಂಜೆ ನನ್ನ ಕೈಯನ್ನೇ ನೋಡುತ್ತ ಕೂತಿದ್ದು, ಫೋರ್ಕನ್ನು ಪಕ್ಕಕ್ಕಿಟ್ಟು, ಕೈ ತೊಳೆದು ಬಂದು ಕಲಸಿದ. ಅಂಗೈವರೆಗೆ ಮೆತ್ತಿಕೊಂಡ. ನಾನು ಬೆರಳ ತುದಿಯಲ್ಲಿ ಕಲಸುವುದನ್ನು ತೋರಿಸಿಕೊಟ್ಟೆ. ವಾರ ಕಳೆಯುವುದರಲ್ಲಿ ಅವನ ಉಗುರುಗಳೂ ನನ್ನವುಗಳ ಹಾಗೆ ಅರಿಶಿನದ ಬಣ್ಣಕ್ಕೆ ತಿರುಗಿದ್ದವು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಆಂಟಿ ಇದ್ದಾರೆ. ಎಲೆನ್‌ಬ್ರೂಕ್‌ನ ಕನ್ನಡದವರಿಗೆಲ್ಲ ಅವರೇ ಹೈಕೋರ್ಟು. ಭಾನುವಾರ ಪಾರ್ಕಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

"ಅಲ್ಲ ಕಣೇ, ಒಬ್ಳೇ ಇರೋ ಹೆಂಗಸು, ಮನೇಲಿ ಆ ಬಿಳೀ ಹುಡುಗನ್ನ ಇಟ್ಕೊಂಡ್ರೆ ಜನ ಏನಂತಾರೆ?"

"ಜನ ಅಂದ್ರೆ ನೀವೇ ತಾನೆ ಆಂಟಿ? ಏನಂತೀರೋ ಈಗ್ಲೇ ಅಂದ್ಬಿಡಿ, ಕೇಳಿಸ್ಕೊಂಡು ಹೋಗ್ತೀನಿ."

ಅವರು ಸೆರಗು ಸರಿಮಾಡಿಕೊಂಡು ಹೊರಟುಹೋದರು. ಆದರೆ ಅದೇ ವಾರ ತಂಡ ಸೋತಿತಲ್ಲ, ಆಗ ಬೇರೆ ದಾರಿಯಿಂದ ಬಂದರು.

ಆ ಸೋಲಿನಲ್ಲಿ ಹುಡುಗನ ಪಾಲು ದೊಡ್ಡದಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಎದುರಿಗಿರುವ ಬ್ಯಾಟರ್ ಚೆಂಡನ್ನು ಮುಟ್ಟದೆಯೇ ಆರಾಮವಾಗಿ ನಡೆದುಕೊಂಡು ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ಹೋಗಬಹುದು. ಅದನ್ನು ವಾಕ್ ಎನ್ನುತ್ತಾರೆ. ನಮ್ಮ ಹುಡುಗ ಅವತ್ತು ಎದುರಾಳಿಗಳಿಗೆಲ್ಲ ವಾಕಿಂಗ್ ಮಾಡಿಸಿದ. ವೇಗ ಇತ್ತು, ಗುರಿ ಇರಲಿಲ್ಲ. ಹೆದರಿದ್ದ ಎನ್ನುವುದು ಹುಲ್ಲಿನ ಮೇಲೆ ಕೂತ ನನಗೂ ಕಾಣುತ್ತಿತ್ತು.

"ಮಾಂಸ ತಿಂದು ಬೆಳೆದ ಹುಡುಗನಿಗೆ ದಿನಾ ಅನ್ನ ಹುಳಿ ಹಾಕಿದ್ರೆ ತೋಳಲ್ಲಿ ಕಸುವು ಎಲ್ಲಿಂದ ಬರತ್ತೆ?" ಎಂದರು ಆಂಟಿ, ಮತ್ತೆ ಅದೇ ಪಾರ್ಕಿನಲ್ಲಿ. ಪಕ್ಕದಲ್ಲಿದ್ದ ಅವರ ಗಂಡ, ಅಂಕಲ್, "ಸುಮ್ನೆ ಕ್ರಿಕೆಟ್ ನೋಡ್ಬಾರ್ದೇನಮ್ಮ? ನಮಗ್ಯಾಕೆ ಈ ಸೋಲೋ ಟೀಮು?" ಎಂದರು. ಆ ಮಾತು ವಾಟ್ಸಾಪ್ ಗ್ರೂಪಿನಲ್ಲಿ ಊರೆಲ್ಲ ಸುತ್ತಿತು. ನಾನು ಮನೆಗೆ ಬಂದು ದೊಡ್ಡ ಪಾತ್ರೆಯಲ್ಲಿ, ಬೇಕಾದ್ದಕ್ಕಿಂತ ದುಪ್ಪಟ್ಟು ಹುಳಿ ಮಾಡಿದೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ಹುಡುಗನಿಗೂ ಏನೋ ಸುಳಿವು ಸಿಕ್ಕಿತ್ತು. ತಟ್ಟೆಯ ಮುಂದೆ ಕೂತವನು ಕೈ ಹಾಕಲಿಲ್ಲ. "ನನ್ನಿಂದ ನಿಮಗೆ ತೊಂದ್ರೆ ಆಗ್ತಿದ್ರೆ ಬೇರೆ ಮನೆ ಕೇಳ್ತೀನಿ," ಎಂದ.

"ತೊಂದ್ರೆ ಆಗ್ತಿರೋದು ನಿನ್ನ ನಾಲ್ಕನೇ ಎಸೆತದಿಂದ. ಊಟ ಮಾಡು," ಎಂದೆ.

ಮುಂದಿನ ಪಂದ್ಯಗಳು ಅಡಿಲೇಡಿನಲ್ಲಿ. ನಾನು ರಜೆ ಹಾಕಿ ಹೊರಟೆ. ನಾನು ಓದಿದ್ದು ಅದೇ ಊರಿನ ಮಾಸನ್ ಲೇಕ್ಸ್ ಕ್ಯಾಂಪಸ್ಸಿನಲ್ಲಿ, ಓದುವಾಗ ಅಲ್ಲಿಯ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೌಂಟರಿಗೆ ನಿಂತಿದ್ದೆ. ಆಗ ಜೊತೆಗೆ ರೂಮು ಹಂಚಿಕೊಂಡಿದ್ದ ಧಾರವಾಡದ ಗೆಳತಿ ಇನ್ನೂ ಅಲ್ಲೇ ಇದ್ದಾಳೆ. ಅವಳ ಅಡುಗೆಮನೆಯಲ್ಲಿ ಕುಂಬಳಕಾಯಿ ಹುಳಿ ಮಾಡಿ, ಡಬ್ಬಿಗೆ ತುಂಬಿ, ತಂಡ ಇಳಿದಿದ್ದ ಗ್ಲೆನೆಲ್ಗ್‌ನ ಮೋಟೆಲಿಗೆ ಇಬ್ಬರೂ ಹೋದೆವು. ಹುಡುಗ ಮೋಟೆಲಿನ ಅಂಗಳದ ಬೆಂಚಿನ ಮೇಲೆ ಕೂತು ಬಲಗೈಯಲ್ಲಿ ಕಲಸಿ ಹೊಟ್ಟೆ ತುಂಬ ಉಂಡ. ಅವನ ತಂಡದವರು ಕಣ್ಣು ಬಿಟ್ಟುಕೊಂಡು ನೋಡಿದರು. ಅವನಿಗೆ ಸಂಕೋಚವೇನೂ ಇರಲಿಲ್ಲ.

ಸಂಜೆ ಆಟ ಶುರುವಾಯಿತು. ಒಂಬತ್ತು ಇನ್ನಿಂಗ್ಸಿನ ಆಟದ ಮೂರನೆಯದರಲ್ಲಿ ಅಡಿಲೇಡಿನ ಕೋಚ್ ಸರಸರ ನಡೆದುಹೋಗಿ ಅಂಪೈರಿನ ಕಿವಿಯಲ್ಲಿ ಏನೋ ಹೇಳಿದ. ಅಂಪೈರ್ ಆಟ ನಿಲ್ಲಿಸಿ ನಮ್ಮ ಹುಡುಗನನ್ನು ಹತ್ತಿರಕ್ಕೆ ಕರೆದ. ಬಲಗೈ ಚಾಚಲು ಹೇಳಿದ. ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ.

ಪಿಚರ್ ಬೆರಳಿಗೆ ಅಂಟನ್ನೋ ಎಣ್ಣೆಯನ್ನೋ ಸವರಿಕೊಂಡರೆ ಚೆಂಡು ಮೋಸದ ತಿರುವು ತಿರುಗುತ್ತದೆ. ಸಿಕ್ಕಿಬಿದ್ದವನನ್ನು ಆಟದಿಂದಲೇ ಹೊರಗೆ ಹಾಕುತ್ತಾರೆ. ಮೊದಲೇ ತೂಗುಯ್ಯಾಲೆಯಲ್ಲಿದ್ದ ಹುಡುಗ ಮೋಸದ ಹೆಸರು ಹೊತ್ತು ಹೊರಬಿದ್ದರೆ ಬ್ರಿಸ್ಬೇನಿನವರೆಗೂ ಕಾಯದೆ ಅವನನ್ನು ವಿಮಾನ ಹತ್ತಿಸುತ್ತಿದ್ದರು. ಅಂಪೈರ್ ಅವನನ್ನು ಕೈ ತೊಳೆಯಲು ಕಳಿಸಿದ. ಹುಡುಗ ಸೋಪು ಹಾಕಿ ತಿಕ್ಕಿ ತೊಳೆದು ಬಂದು ಮತ್ತೆ ಕೈ ಚಾಚಿದ. ಬೆರಳುಗಳು ಇನ್ನೂ ಹಳದಿ. ಅರಿಶಿನ ಸೋಪಿಗೆ ಹೋಗುತ್ತದೆಯೇ!

"ಏ, ಅದು ನಿನ್ನ ಹುಳಿ ಬಣ್ಣ ಅಲ್ಲೇನ?" ಎಂದಳು ಗೆಳತಿ.

ನಾನು ಆಗಲೇ ಮೆಟ್ಟಿಲಿಳಿದು ಬೇಲಿಯ ಹತ್ತಿರ ಹೋಗಿಬಿಟ್ಟಿದ್ದೆ. ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಕೂಗಿರಲಿಲ್ಲ. "ಅದು ಊಟ! ಅವನು ಮಧ್ಯಾಹ್ನ ನಾನು ಮಾಡಿದ ಊಟ ಕೈಯಲ್ಲಿ ತಿಂದಿದ್ದಾನೆ!" ಎಂದು ಇಂಗ್ಲಿಷಿನಲ್ಲಿ ಕಿರುಚಿ ನನ್ನ ಬಲಗೈಯನ್ನು ಬೇಲಿಯ ಮೇಲೆತ್ತಿ ಐದೂ ಬೆರಳು ಬಿಡಿಸಿ ತೋರಿಸಿದೆ. ಹಿಂದಿನಿಂದ ಬಂದ ಗೆಳತಿ ತನ್ನ ಕೈಯನ್ನೂ ನನ್ನ ಕೈಯ ಪಕ್ಕಕ್ಕೆ ಎತ್ತಿ ಹಿಡಿದಳು. ಅಂಪೈರ್ ನಮ್ಮತ್ತ ನಡೆದು ಬಂದು, ನಮ್ಮ ಉಗುರುಗಳನ್ನೂ ಹುಡುಗನ ಉಗುರುಗಳನ್ನೂ ನೋಡಿದ. ಆಮೇಲೆ ಹುಡುಗನ ಕೈ ಹಿಡಿದು ಮೂಸಿದ. ಬೆರಳಿಗೆ ಬೆರಳು ತಾಗಿಸಿ ಅಂಟುತ್ತದೆಯೇ ಎಂದು ಪರೀಕ್ಷಿಸಿದ.

"ಕರಿ?" ಎಂದ, ಇಲ್ಲಿಯವರಿಗೆ ನಮ್ಮ ಅಡುಗೆಯೆಲ್ಲ ಅದೇ.

"ಹುಳಿ," ಎಂದೆ. ಆ ಹೊತ್ತಿನಲ್ಲಿ ಅದನ್ನು ಕರಿ ಎಂದು ಒಪ್ಪಿಕೊಳ್ಳುವ ಮನಸ್ಸು ನನಗಿರಲಿಲ್ಲ.

ಅಂಪೈರ್ ನಕ್ಕು ಆಡು ಎಂದು ಸನ್ನೆ ಮಾಡಿದ. ಹುಡುಗನೂ ನಗುತ್ತಿದ್ದ, ಈ ಸಲ ನಿಜವಾಗಿ. ಅದೇನಾಯಿತೋ, ಅಲ್ಲಿಂದ ಮುಂದೆ ಅವನು ಒಬ್ಬನಿಗೂ ವಾಕ್ ಕೊಡಲಿಲ್ಲ. ಸೀಸನ್ನಿನ ಮೊದಲ ಗೆಲುವು ಅವತ್ತು ಬಂತು. ನಾನು ಅತ್ತುಬಿಟ್ಟೆ. ಗೆಳತಿ ಬೈದಳು, ಆಮೇಲೆ ಅವಳೂ ಕಣ್ಣು ಒರೆಸಿಕೊಂಡಳು.

ಪರ್ತಿಗೆ ಸುದ್ದಿ ನಮಗಿಂತ ಮುಂಚೆ ಮುಟ್ಟಿತು. ಹುಳಿ ತಿಂದು ಸೋತ ಎಂದಿದ್ದ ಗ್ರೂಪಿನಲ್ಲೇ ಈಗ ಹುಳಿ ತಿಂದು ಗೆದ್ದ ಎಂದು ಮೆಸೇಜುಗಳು. ಆಂಟಿ ಫೋನ್ ಮಾಡಿ, "ನಿನ್ನ ಹುಳಿಪುಡಿ ಸ್ವಲ್ಪ ಕೊಡ್ತೀಯಾ?" ಎಂದರು. ಕೊಡುವುದಿಲ್ಲ ಎಂದೆ. ಎರಡು ದಿನ ಬಿಟ್ಟು ಕೊಟ್ಟೆ, ಅದು ಬೇರೆ ಮಾತು.

ಒಂದು ಗೆಲುವಿನಿಂದ ತಂಡದ ಹಣೆಬರಹ ಬದಲಾಗಲಿಲ್ಲ. ಅಡಿಲೇಡಿನ ಉಳಿದ ಪಂದ್ಯಗಳನ್ನೂ ಆಮೇಲೆ ಮನೆಯ ಮೈದಾನದ ಪಂದ್ಯಗಳನ್ನೂ ಸೋತೆವು. ನಮ್ಮ ಬ್ಯಾಟರ್‌ಗಳಿಗೆ ಚೆಂಡೇ ಕಾಣುತ್ತಿರಲಿಲ್ಲ. ಬ್ರಿಸ್ಬೇನಿಗೆ ಹೋಗುವ ಹೊತ್ತಿಗೆ ನಾವು ಪಟ್ಟಿಯ ತಳದಲ್ಲಿದ್ದೆವು. ಅಲ್ಲಿಗೂ ಹೋದೆ. ಐದು ಗಂಟೆ ವಿಮಾನದಲ್ಲಿ ಕೂತು ಸೋಲುವ ತಂಡವನ್ನು ನೋಡಲು ಹೋಗುತ್ತೀಯಲ್ಲ ಎಂದು ಆಫೀಸಿನಲ್ಲಿ ನಕ್ಕರು. ಗೆಲ್ಲುವ ತಂಡವನ್ನು ನೋಡಲು ನಾನೇ ಹೋಗಬೇಕಾಗಿಲ್ಲ, ಅದಕ್ಕೆ ಬೇಕಾದಷ್ಟು ಜನ ಇರುತ್ತಾರೆ ಎಂದೆ.

ಭಾನುವಾರದ ಆರ್ವೋ, ಅಂದರೆ ಮಧ್ಯಾಹ್ನದ ಮೇಲಿನ ಹೊತ್ತು, ಬಟ್ಟೆ ಮೈಗಂಟುವ ಬ್ರಿಸ್ಬೇನಿನ ಸೆಕೆ. ಹುಡುಗ ಅಂದು ಎಸೆದದ್ದನ್ನು ನಾನು ಮರೆಯುವುದಿಲ್ಲ. ಹೆದರಿಕೆ ಎಲ್ಲೂ ಇರಲಿಲ್ಲ. ಬ್ಯಾಟರ್‌ಗಳು ಗಾಳಿಗೆ ಬ್ಯಾಟು ಬೀಸಿ ತಲೆ ಅಲ್ಲಾಡಿಸುತ್ತ ವಾಪಸು ಹೋದರು. ಅವನ ತೋಳು ದಣಿದು ಹೊರಗೆ ಬಂದಾಗ ನಾವು ಒಂದು ರನ್ನಿನಿಂದ ಮುಂದಿದ್ದೆವು. ಅವನ ನಂತರ ಬಂದವರು ಆ ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಆಟ ಮುಗಿದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಅವನಿಗಾಗಿ ಕಾಯುತ್ತಿದ್ದೆ. ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದ, ಜೊತೆಗೆ ತಂಡದ ಮ್ಯಾನೇಜರು. ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. ವಿಷಯವನ್ನು ಸುತ್ತಿ ಬಳಸದೆ ಹೇಳಿದರು: ಹುಡುಗ ಚೆನ್ನಾಗಿ ಎಸೆದ, ಅದರಲ್ಲಿ ಎರಡು ಮಾತಿಲ್ಲ, ಆದರೆ ತಂಡಕ್ಕೆ ರನ್ನು ಬೇಕು, ಬ್ಯಾಟರ್ ಬೇಕು, ವಿದೇಶಿಯರಲ್ಲಿ ಒಬ್ಬರು ಹೋಗಲೇಬೇಕು. ಅವನನ್ನು ಬಿಡುತ್ತಿದ್ದೇವೆ. ನಾನು ಒಂದೇ ಉಸಿರಿನಲ್ಲಿ ಹತ್ತು ಮಾತು ಆಡಿದೆ. ಇಷ್ಟು ಚೆನ್ನಾಗಿ ಎಸೆದ ದಿನವೇ ಯಾಕೆ, ಬ್ಯಾಟು ಹಿಡಿಯಲಾರದವರನ್ನು ಇಟ್ಟುಕೊಂಡು ಇವನನ್ನೇ ಯಾಕೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ತೀರ್ಮಾನ ಬದಲಾಗಲಿಲ್ಲ.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ಹೊಸ ಬ್ಯಾಟರ್ ಗುರುವಾರ ಬರ್ತಾನೆ. ನಿಮ್ಮ ರೂಮು ಅವನಿಗೆ ಸಿಗುತ್ತಲ್ವಾ?"

ನಾನು ಹುಡುಗನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ಅವನ ಹತ್ತಿರ ಒಂದು ವರ್ಷದ ವೀಸಾ ಇತ್ತು, ದುಡಿದುಕೊಂಡು ಊರು ಸುತ್ತುವ ಹುಡುಗರಿಗೆ ಕೊಡುತ್ತಾರಲ್ಲ, ಅಂಥದ್ದು. ನಮ್ಮ ಬಡಾವಣೆಯ ಪಕ್ಕದಲ್ಲೇ ಒಂದು ಸಣ್ಣ ಕ್ಲಬ್ಬು ಶನಿವಾರ ಶನಿವಾರ ಆಡುತ್ತದೆ. ಸಂಬಳವಿಲ್ಲ, ನೋಡುವವರೂ ಇಲ್ಲ, ಆದರೆ ಅಲ್ಲಿ ಎಸೆಯಬಹುದು.

"ನಿನಗೆ ಹೋಗ್ಬೇಕು ಅಂತಿದ್ಯಾ?" ಎಂದು ಕೇಳಿದೆ.

"ಇಲ್ಲ," ಎಂದ. "ನಾನು ಇನ್ನೂ ಎಸೀಬೇಕು."

"ಆ ರೂಮಲ್ಲಿ ಒಬ್ಬ ಪಿಚರ್ ಇದ್ದಾನೆ," ಎಂದೆ ಮ್ಯಾನೇಜರಿಗೆ. "ನಿಮ್ಮ ಬ್ಯಾಟರ್‌ಗೆ ಬೇರೆ ಮನೆ ನೋಡಿ."

ಇನ್ನು ಈ ತಂಡದ ಮುಖ ನೋಡುವುದಿಲ್ಲ ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿದೆ. ಗುರುವಾರ ಸಂಜೆ ಹುಡುಗನೇ ಕಾರಿನ ಕೀಲಿ ತಂದು ನನ್ನ ಮುಂದೆ ಇಟ್ಟ. "ನಮ್ಮ ತಂಡದ ಆಟ ಇದೆ," ಎಂದ. ಇಬ್ಬರೂ ಎಲ್ಲರ ಹಾಗೆ ಟಿಕೆಟು ತೆಗೆದುಕೊಂಡು ಹುಲ್ಲಿನ ಮೇಲೆ ಕೂತೆವು.

ಹೊಸ ಬ್ಯಾಟರ್ ಮೂರು ಸಲ ಬಂದ, ಮೂರು ಸಲವೂ ಚೆಂಡು ಮುಟ್ಟದೆ ಹೋದ. ನನ್ನೊಳಗೆ ಏನೋ ಕೆಟ್ಟ ಖುಷಿ ಏಳುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಹಿಂದೆ ಕೂತಿದ್ದ ಒಬ್ಬ, "ಇವನನ್ನ ಮನೆಗೆ ಕಳಿಸ್ರೋ!" ಎಂದು ಕೂಗಿದ. ಸುತ್ತಲಿದ್ದವರು ನಕ್ಕರು.

ಹುಡುಗ ಎದ್ದು ನಿಂತು, ಅಷ್ಟು ಎತ್ತರದ ಮೈಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಅವನನ್ನು ನೋಡಿದ.

"ಅವನು ಬಂದು ಒಂದು ದಿನ ಆಗಿಲ್ಲ," ಎಂದ. "ಬಾಯಿ ಮುಚ್ಕೊಂಡು ನೋಡು."

ಆಮೇಲೆ ಮೈದಾನದತ್ತ ತಿರುಗಿ, ತನ್ನ ಜಾಗಕ್ಕೆ ಬಂದವನ ಹೆಸರು ಹಿಡಿದು ಜೋರಾಗಿ ಕೂಗತೊಡಗಿದ. ನಾನೂ ಎದ್ದು ನಿಂತು ಅವನ ಜೊತೆ ಕೂಗಿದೆ.