ಗಂಗಿ ಕೇಳಿದ ಮುಯ್ಯಾಳು

ಮುಟ್ಟಳ್ಳಿಯ ಗಂಗಿಗೆ ಮಾತು ಕಡಿಮೆ, ಕಿವಿ ದೊಡ್ಡದು. ಬೆಳಿಗ್ಗೆ ಮೊರದ ತುಂಬ ಮಲ್ಲಿಗೆ ಮೊಗ್ಗು ಮುಂದಿಟ್ಟುಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂತಳೆಂದರೆ, ಬೆರಳು ಬಾಳೆನಾರಿನಲ್ಲಿ ಹೂ ಕಟ್ಟುತ್ತಿರುತ್ತಿತ್ತು, ಕಿವಿ ಊರಿನ ಸುದ್ದಿ ಕಟ್ಟುತ್ತಿರುತ್ತಿತ್ತು. ಕೇರಿಯವರು ತಮ್ಮ ತಮ್ಮ ಸಂಕಟ ತಂದು ಅವಳ ಮುಂದೆ ಸುರಿದು ಹಗುರಾಗಿ ಹೋಗುವರು. ಎಲ್ಲ ಕೇಳಿಯಾದ ಮೇಲೆ ಗಂಗಿ "ಹೌದಾ" ಎನ್ನುವಳು, ಅಷ್ಟೆ. ಅಂಥವಳು ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಇನ್ನೇನು ಮಳೆ ಹಿಡಿಯಬೇಕು ಎನ್ನುವ ಹೊತ್ತಿಗೆ, ನಾಲ್ಕು ದಿನ ಎಲ್ಲರ ಮೇಲೂ ತಿರುಗಿ ನಿಂತಳು. ಮೊದಲು ನಿಂತದ್ದು ಹೆತ್ತ ಮಗನ ಎದುರಿಗೇ.

ಮಗ ನರೇಶ ನಾಲ್ಕು ವರ್ಷದ ಹಿಂದೆ ಬಿ.ಕಾಂ. ಮುಗಿಸಿದವನು. ಆ ಕೇರಿಯಲ್ಲಿ ಡಿಗ್ರಿ ಕಂಡವನು ಅವನೊಬ್ಬನೇ. ಪಾಸಾದ ದಿನ ಗಂಗಿ ಮನೆಮನೆಗೆ ಪಂಚಕಜ್ಜಾಯ ಹಂಚಿದ್ದಳು. ಅದಾದ ಮೇಲೆ ಹುಡುಗ ಬ್ಯಾಂಕಿನ ಪರೀಕ್ಷೆ ಬರೆದ, ರೈಲ್ವೆಯ ಪರೀಕ್ಷೆ ಬರೆದ, ಪೊಲೀಸಿಗೆ ಹೋಗಿ ಎದೆಯಳತೆ ಸಾಲದೆ ತಿರುಗಿ ಬಂದ. ಪೋಸ್ಟಿನವನ ಸೈಕಲ್ಲು ಕಂಡರೆ ಮನೆಯವರೆಲ್ಲ ಕತ್ತು ಚಾಚುವುದು, ಸೈಕಲ್ಲು ಹಾಗೇ ಮುಂದೆ ಹೋಗುವುದು. ಕೊನೆಗೆ ನರೇಶ ಭಟ್ಕಳದ ಹತ್ತಿರದ ಜಾಲಿ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಮೀಟರು ಕೋಲು ಹಿಡಿದು ನಿಂತ. ಅವನ ಪಕ್ಕದಲ್ಲಿ ಬಟ್ಟೆ ಹರಿಯುವವನು ಐದನೆತ್ತೆ ಓದಿದವ. ಸಂಬಳ ಇಬ್ಬರಿಗೂ ಒಂದೇ. ಅತ್ತ ಪಕ್ಕದ ಮನೆ ಸಣ್ಣಿಯ ಮಗ ದಾಸ ಆರನೆತ್ತೆಗೆ ಶಾಲೆ ಬಿಟ್ಟು ಗೋವಾದಲ್ಲಿ ಟೈಲ್ಸ್ ಹಾಕುವ ಕೆಲಸ ಕಲಿತವ. ಹಿಂದಿನ ವರ್ಷದ ಚೌತಿಗೆ ಕೆಂಪು ಬೈಕಿನಲ್ಲಿ ಬಂದಿಳಿದ. ಕೇರಿಗೆ ಒಂದು ಹೊಸ ಗಾದೆ ಸಿಕ್ಕಿತು: "ಓದ್ದವ್ರು ಮೀಟ್ರು ಹಿಡೀತ್ರು, ಓದದೇ ಇದ್ದವ್ರು ಹ್ಯಾಂಡ್ಲು ಹಿಡೀತ್ರು."

ಈ ಗಾದೆ ನರೇಶನ ಕಿವಿಗೆ ಬೀಳದೆ ಇರಲಿಲ್ಲ.

ಮಗಳು ಅಂಕಿತಾ ಆ ಬೇಸಿಗೆಯಲ್ಲಿ ಹತ್ತನೆಯದನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಳು. ಭಟ್ಕಳದ ಕಾಲೇಜಿಗೆ ಹೆಸರು ಹಚ್ಚಿ ಬಂದಿದ್ದಳು, ಸೋಮವಾರದಿಂದ ಪಾಠ. ಶುಕ್ರವಾರ ನರೇಶನ ಅಂಗಡಿಗೆ ರಜೆ. ಮಧ್ಯಾಹ್ನ ಉಂಡು ಕೈ ತೊಳೆದವನು ಜಗಲಿಗೆ ಬಂದು, ಇಷ್ಟು ದಿನ ನುಂಗಿಟ್ಟುಕೊಂಡದ್ದನ್ನು ಹೊರಗೆ ಹಾಕಿದ.

"ಅಂಕಿತಾ ಕಾಲೇಜಿಗೆ ಹೋಗೂದು ಬೇಡ ಅಮ್ಮ."

"ಯಾಕೆ?" ಎಂದಳು ಗಂಗಿ.

"ನಾ ಹೋಗಿ ಎಂತ ಆತು? ಹದಿನೈದು ವರ್ಷ ಬೆಂಚು ತಿಕ್ಕಿ ಈಗ ಬಟ್ಟೆ ಅಳೀತೆ. ಬಟ್ಟೆ ಅಳೆಯೂಕೆ ಬಿ.ಕಾಂ. ಬೇಕಾ? ಇವಳು ಎರಡು ವರ್ಷ ಪಿ.ಯು.ಸಿ. ಮಾಡೂದು, ಮೂರು ವರ್ಷ ಡಿಗ್ರಿ ಮಾಡೂದು, ಆಮೇಲೆ ಮನೇಲಿ ಕುಂತಿ ಅರ್ಜಿ ಬರೆಯೂದು. ಜಿಲ್ಲೇಲಿ ಡಿಗ್ರಿ ಆದವ್ರು ಎಷ್ಟ್ ಜನ, ಕೆಲಸ ಎಷ್ಟುಂಟು, ಗೊತ್ತುಂಟಾ ನಿಂಗೆ?"

ಗೊತ್ತಿಲ್ಲ ಎಂದು ಅವಳು ಹೇಳುವ ಮೊದಲೇ ಅವನು ಹೇಳತೊಡಗಿದ. ಒಂದು ಹುದ್ದೆಗೆ ಎಷ್ಟು ಅರ್ಜಿ ಬೀಳುತ್ತದೆ, ಅದರಲ್ಲಿ ಎಷ್ಟು ಮಂದಿಗೆ ಶಿಫಾರಸು ಇರುತ್ತದೆ, ಸರಕಾರ ಯಾವ ಇಲಾಖೆಯಲ್ಲಿ ನೇಮಕ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ. ಪೇಪರಿನವರು ಹೇಳುವ ಹಾಗೆ, ಒಂದರ ಹಿಂದೆ ಒಂದು. ಗಂಗಿ ಎಲ್ಲಕ್ಕೂ ಕಿವಿಕೊಟ್ಟಳು.

"ಮುಗೀತಾ?" ಎಂದು ಕೇಳಿದಳು.

"ಮುಗೀತು."

"ಎಷ್ಟ್ ಚಂದ ಮಾಡಿ ಹೇಳ್ದೆ ಮಗಾ. ಓದು ಬೇಡ ಅಂತ ಹೇಳೂಕೂ ಇಷ್ಟೆಲ್ಲ ಓದು ಬೇಕಾತು ನಿಂಗೆ."

ಒಳಗೆ ಬಾಗಿಲ ಮರೆಯಲ್ಲಿ ಅಂಕಿತಾ ಕಿಸಕ್ಕೆಂದಳು. ನರೇಶನ ಮುಖ ಕೆಂಪಾಯಿತು. ಮೂಲೆಯಲ್ಲಿ ಕೂತು ಬಾಳೆಪಟ್ಟೆ ಸೀಳುತ್ತಿದ್ದ ಅಪ್ಪನ ಕಡೆ ತಿರುಗಿದ. ಅಪ್ಪ ಮಾದೇವ ಸೊಂಟ ಬಿದ್ದ ಮನುಷ್ಯ. ಗದ್ದೆಗೆ ಇಳಿಯದೆ ಒಂಬತ್ತು ವರ್ಷವಾಗಿತ್ತು. ಯಾರು ಏನು ಹೇಳಿದರೂ "ಆತು" ಎಂದು ಬದುಕಿದವ.

"ಅಪ್ಪ, ನೀನಾದ್ರೂ ಹೇಳು."

"ಆತು."

"ಎಂತದು ಆತು?"

"ನೀ ಹೇಳ್ದದ್ದು."

"ಹಂಗಾರೆ ಕಾಲೇಜು ಬೇಡ, ಅಲ್ದ?"

ಮಾದೇವ ಹೆಂಡತಿಯ ಮುಖ ನೋಡಿದ. "ನಿನ್ನಮ್ಮ ಹೇಳ್ದದ್ದೂ ಆತು" ಎಂದು ಪಟ್ಟೆ ಸೀಳಿದ.

ನಗೆಯಲ್ಲಿ ಮುಗಿಯುವ ಮಾತಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮರುದಿನ ಸಣ್ಣಿ ಬಂದಳು.

ಸಣ್ಣಿಯದೂ ಮಲ್ಲಿಗೆ ತೋಟವೇ. ಎರಡು ಮನೆಗೂ ನಡುವೆ ಇದ್ದದ್ದು ಒಂದು ಬೇಲಿ, ಮತ್ತೆ ಮುಯ್ಯಾಳು. ಮುಯ್ಯಾಳೆಂದರೆ ಕೂಲಿಯಿಲ್ಲದ ಆಳು: ಇವತ್ತು ನೀನು ನನ್ನ ಕೆಲಸಕ್ಕೆ ಬಾ, ನಾಳೆ ನಾನು ನಿನ್ನ ಕೆಲಸಕ್ಕೆ ಬರುತ್ತೇನೆ. ಗಂಗಿ ಮತ್ತು ಅಂಕಿತಾ, ಸಣ್ಣಿ ಮತ್ತು ಅವಳ ಸೊಸೆ, ಈ ನಾಲ್ವರು ಬೆಳಕು ಹರಿಯುತ್ತಲೇ ಕೂಡಿ ಎರಡೂ ತೋಟ ಕೊಯ್ಯುವರು. ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ಮೊಗ್ಗಿದ್ದಾಗಲೇ ಕೊಯ್ದು, ಮಾಲೆ ಕಟ್ಟಿ, ಹನ್ನೊಂದಕ್ಕೆ ಕ್ರಾಸಿಗೆ ಬರುವ ಹೂವಿನ ವ್ಯಾನಿಗೆ ಹಾಕಬೇಕು. ವ್ಯಾನು ತಪ್ಪಿದರೆ ಸಂಜೆಗೆ ಅದು ಬರೇ ಪರಿಮಳ. ಎಂಟಕ್ಕೆ ಅಂಕಿತಾ ಕಾಲೇಜಿಗೆ ಹೊರಟರೆ ನಾಲ್ಕರಲ್ಲಿ ಒಂದು ಆಳು ಅರ್ಧ ಕೊಯ್ಲಿಗೇ ಎದ್ದು ಹೋದ ಹಾಗೆ.

"ಮಗಳನ್ನ ಕಾಲೇಜಿಗೆ ಹಾಕ್ತೆ ಅಂತಲ?" ಎಂದಳು ಸಣ್ಣಿ, ನಿಂತೇ.

"ಹಾಕ್ತೆ. ಕೂತ್ಕ."

"ಕೂತ್ಕಂಬೂಕೆ ಬಂದದ್ದಲ್ಲ ಮಾರಾಯ್ತಿ. ನಂಗೆ ನಿನ್ನ ಮಗಳ ಮೇಲೆ ಸಿಟ್ಟಿಲ್ಲ. ಕೈಗೆ ಕೈ ಬೇಕು. ನೀ ಅರ್ಧ ಆಳು ಕೊಟ್ಟಿ ನಮ್ಮಿಂದ ಇಡೀ ಆಳು ತಕಂಬೂಕಾಗ್ತಾ? ಸೋಮವಾರದಿಂದ ನಿಮ್ಮದು ನಿಮಗೆ, ನಮ್ಮದು ನಮಗೆ. ಒಬ್ಬನ್ನ ಓದ್ಸಿ ಕಂಡಾತಲ, ಇನ್ನೂ ಆಸೆ ತೀರ್ಲಿಲ್ವ ನಿಂಗೆ?"

ಗಂಗಿ ಹೂವಿನ ಕುಣಿಕೆ ಎಳೆದು ಬಿಗಿದಳು.

"ಇಡೀ ಆಳೇ ಕೊಡ್ತೆ ಸಣ್ಣಿ. ಸೋಮವಾರ ಕಾಣು."

"ಯಾರು? ನಿನ್ನ ಗಂಡನಾ?" ಸಣ್ಣಿ ಸೆರಗು ಬಾಯಿಗೆ ಒತ್ತಿ ನಕ್ಕಳು. "ಆತು ಆತು ಅಂತ ಗಿಡಕ್ಕೆ ಹೇಳ್ತೇ ಇರ್ಲಿ, ಮೊಗ್ಗು ತನ್ನಷ್ಟಕ್ಕೇ ಉದುರ್ತದೆ!"

"ಯಾರಾದ್ರೆ ನಿಂಗೆ ಎಂತ? ಎರಡು ಕೈ, ಹತ್ತು ಬೆರಳು ಉಂಟಾ, ಅಷ್ಟ್ ಕಂಡ್ಕ."

ಸಣ್ಣಿ ಹೋದ ಮೇಲೆ ಗಂಗಿಗೆ ತನ್ನ ಸ್ಲೇಟು ನೆನಪಾಯಿತು. ಅವಳ ತವರು ಹೊನ್ನಾವರದ ಕಡೆಯದು. ಅವಳೂ ಮೂರನೆತ್ತೆಯ ತನಕ ಶಾಲೆಗೆ ಹೋದವಳೇ. ಅಣ್ಣ ಹೈಸ್ಕೂಲಿಗೆ ಹೋಗುವಾಗ ಮನೆಯಲ್ಲಿ ದನ ಕಟ್ಟುವವರಿಲ್ಲ, ನೀರು ಹೊರುವವರಿಲ್ಲ ಎಂದು ಅವಳ ಸ್ಲೇಟು ಅಟ್ಟಕ್ಕೆ ಹೋಯಿತು. ಅಣ್ಣ ಓದಿ ಕುಮಟೆಯಲ್ಲಿ ಗುಮಾಸ್ತನಾದ. ಒಳ್ಳೆಯವನೇ. ಗಂಗಿ ಅಲ್ಲಿಗೆ ಹೋದರೆ "ಕುರ್ಚಿ ಮೇಲೆ ಕೂತ್ಕ ತಂಗಿ" ಎನ್ನುತ್ತಾನೆ. ಅವಳು ಪ್ರತಿ ಸಲವೂ ನೆಲದ ಮೇಲೆಯೇ ಕೂತು ಬಂದಿದ್ದಾಳೆ. ಯಾರೂ ತಡೆದದ್ದಲ್ಲ, ಕಾಲೇ ಮಡಚಿಕೊಳ್ಳುತ್ತದೆ.

ಭಾನುವಾರ ಬೆಳಿಗ್ಗೆ ದೋಸೆ ಹಾಕುತ್ತ ಅವಳು ನರೇಶನಿಗೆ ಹೇಳಿದಳು. "ನಾಳಿಂದ ಹೂ ಕೊಯ್ಯೂಕೆ ನೀ ಬಾ. ನಿನ್ನ ಅಂಗಡಿ ತೆರೆಯೂದು ಹತ್ತಕ್ಕಲ್ಲ."

ನರೇಶ ತಮಾಷೆ ಎಂದುಕೊಂಡ. ತಮಾಷೆಯಲ್ಲ ಎಂದು ತಿಳಿದಾಗ ದೋಸೆ ಬಿಟ್ಟೆದ್ದ.

"ನಾನಾ? ಪಕ್ಕದ್ಮನೆ ಸಣ್ಣಮ್ಮನ ತೋಟದಲ್ಲಿ ಹೆಂಗಸ್ರ ಒಟ್ಟಿಗೆ? ಮುಯ್ಯಾಳು ಅಂದ್ರೆ ತಕಂಡವ್ರು ತಿರುಗಿ ಕೊಡೂದು. ನಾ ಯಾರತ್ರ ಎಂತ ತಕಂಡಿದ್ದೆ?"

ಗಂಗಿ ಕಾವಲಿ ಇಳಿಸಿದಳು. ಇಷ್ಟು ವರ್ಷ ಎಲ್ಲರ ಮಾತು ಕೇಳಿದವಳ ಒಳಗೆ ಎಷ್ಟು ಮಾತು ತುಂಬಿತ್ತೋ!

"ತಕಂಡಿದ್ದೆ. ನೀ ಪಿ.ಯು.ಸಿ.ಗೆ ಹೋಗ್ವಾಗ ಇವಳಿಗೆ ಏಳು ವರ್ಷ. ನಿನ್ನ ಅಪ್ಪನ ಸೊಂಟ ಬಿದ್ದ ವರ್ಷ ಹೂ ಕೊಯ್ಯೂಕೆ ನಿನ್ನ ಕರೀವಾ ಅಂತ ನಿನ್ನ ಅಪ್ಪನೇ ಹೇಳ್ದ. ಬೇಡ, ಅವಂಗೆ ಓದೂದುಂಟು ಅಂದೆ ನಾನು. ಈ ಹುಡುಗಿ ಕಣ್ಣು ತಿಕ್ಕಂತ ಗಿಡದ ಬುಡಕ್ಕೆ ಬಂತು. ಕೈ ಎಟಕೂದಿಲ್ಲ ಅಂತ ಕಲ್ಲಿನ ಮೇಲೆ ನಿಂತಿ ಕೊಯ್ತಿತ್ತು. ಶಾಲಿಗೆ ತಡವಾಗಿ ಹೋಗಿ ಹೊರಗೆ ನಿಂತದ್ದೆಷ್ಟೋ ಸಲ. ಹದಿನೈದು ವರ್ಷ ಓದ್ದೆ ಅಂದ್ಯಲ, ಅದ್ರಲ್ಲಿ ಐದು ವರ್ಷ ಇವಳ ಕೈ ಉಂಟು. ಆ ಮುಯ್ಯಾಳು ತಿರುಗ್ಸು. ಬೇರೆ ಎಂತದೂ ಕೇಳೂದಿಲ್ಲ ನಾನು."

ಅಂಕಿತಾ ಒಲೆಯ ಹತ್ತಿರ ಅಲ್ಲಾಡದೆ ನಿಂತಿದ್ದಳು. ನರೇಶ ಅವಳ ಕಡೆ ನೋಡಲಿಲ್ಲ.

"ಆ ಓದು ಎಂತಕ್ಕೂ ಬರ್ಲಿಲ್ಲ ಅಮ್ಮ. ಅದ್ನೇ ನಾ ಹೇಳೂದು. ಬಾರದ್ದಕ್ಕೆ ಎಂತ ಮುಯ್ಯಿ?"

"ಬರ್ಲಿಲ್ವ? ರೇಷನ್ ಕಾರ್ಡಿಗೆ ಹೋದದ್ದು ನೆನಪುಂಟಾ ನಿಂಗೆ? ನಾ ಮೂರು ದಿನ ಆ ಕಚೇರಿ ಬಾಗ್ಲಲ್ಲಿ ನಿಂತಿದ್ದೆ. ನಾಕನೇ ದಿನ ನೀ ಬಂದೆ. ಸೀದಾ ಒಳಗೆ ಹೋಗಿ, ಕುರ್ಚಿ ಎಳೆದಿ, ಕೂತೆ. ಎಂತಕ್ಕೆ ಆಗೂದಿಲ್ಲ, ಬರೆದು ಕೊಡಿ ಅಂದೆ. ನಾ ಬಾಗ್ಲಿಂದ ಕಂಡೆ. ಆ ಕುರ್ಚಿ ಎಳೆಯೂಕೆ ನಿಂಗೆ ಯಾರು ಕಲ್ಸದ್ದು? ನಾನಾ? ನಿನ್ನ ಅಪ್ಪನಾ? ಸಂಬಳ ಕೊಡೂದು ಬಿಡೂದು ಸರ್ಕಾರದ್ದು, ಅದು ಕೊಡದೇ ಇದ್ರೆ ಅದ್ಕೆ ಬೈ. ಓದಿಗೆ ಬೈಯ್ಬೇಡ. ನನ್ನ ಮಗಳೂ ಕುರ್ಚಿ ಎಳೆಯೂದು ನಾ ಕಾಣ್ಬೇಕು. ಆಮೇಲೆ ಬೇಕಾರೆ ಇಲ್ಲೇ ಕುಂತಿ ಹೂ ಕಟ್ಲಿ, ನಂಗೆ ಅಡ್ಡಿಲ್ಲ."

ಅಷ್ಟು ಹೇಳಿ ಕಾವಲಿ ಮತ್ತೆ ಒಲೆಗಿಟ್ಟಳು. ನರೇಶ ಅಂಗಿ ಹಾಕಿಕೊಂಡು ಹೊರಗೆ ಹೋದ.

ಸೋಮವಾರ ಬೆಳಕು ಹರಿಯುವಾಗ ಗಂಗಿ, ಸಣ್ಣಿ, ಸೊಸೆ ಮೂವರೂ ಸಣ್ಣಿಯ ತೋಟದಲ್ಲಿ ನಿಂತಿದ್ದರು. ಅಂಕಿತಾಳನ್ನು ಗಂಗಿ ಕರೆದಿರಲಿಲ್ಲ. "ಇವತ್ತು ನೀ ಹೂ ಮುಟ್ಟಬೇಡ, ಜಡೆ ಹೆಣ್ಕ" ಎಂದಿದ್ದಳು. ನಾಲ್ಕನೆಯ ಬುಟ್ಟಿ ಬೇಲಿಯ ಹತ್ತಿರ ಖಾಲಿ ಕೂತಿತ್ತು. ಸಣ್ಣಿ ಅದನ್ನು ನೋಡಿದಳು, ಗಂಗಿಯನ್ನು ನೋಡಿದಳು, ಬಾಯಿ ತೆರೆಯಬೇಕು ಎನ್ನುವಾಗ ಬೇಲಿಯ ತಡಮೆ ದಾಟಿ ನರೇಶ ಬಂದ. ಬುಟ್ಟಿ ಎತ್ತಿಕೊಂಡು ಒಂದು ಸಾಲು ಹಿಡಿದ.

"ಅಯ್ಯೋ ದೇವ್ರೇ, ಬಿ.ಕಾಂ. ಆಳು!" ಎಂದಳು ಸಣ್ಣಿ. ಸೊಸೆ ನಗು ತಡೆಯಲಾರದೆ ಗಿಡದ ಹಿಂದೆ ಬಗ್ಗಿದಳು.

ನರೇಶ ತಲೆ ತಗ್ಗಿಸಿ ಕೊಯ್ದ. ಸಿಟ್ಟಿನಲ್ಲಿ ಕೊಯ್ದ. ಬುಟ್ಟಿ ಬೇಗ ತುಂಬಿತು. ಗಂಗಿ ಕೈಹಾಕಿ ನೋಡಿದರೆ ಅರ್ಧಕ್ಕರ್ಧ ಇನ್ನೂ ಹಸಿರಿರುವ ಎಳೆ ಮೊಗ್ಗು. ಇವತ್ತು ಕೊಯ್ಯುವ ಮೊಗ್ಗು ಬೆಳ್ಳಗೆ, ತುದಿ ಉಬ್ಬಿ ನಿಂತಿರುತ್ತದೆ. ನಾಳೆಯದು ಅದರ ಪಕ್ಕದಲ್ಲೇ ಹಸಿರಾಗಿ ಬಿಗಿದುಕೊಂಡಿರುತ್ತದೆ. ಮಲ್ಲಿಗೆ ತೋಟದಲ್ಲಿ ಹುಟ್ಟಿ ಇಪ್ಪತ್ತೈದು ವರ್ಷ ಬೆಳೆದವನಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗಲು ಯಾರೂ ಬಿಟ್ಟಿರಲಿಲ್ಲ.

"ಕಾಣು ಗಂಗಿ, ನಾಳಿಂದೆಲ್ಲ ಇವತ್ತೇ ಮುರ್ದು ಹಾಕ್ದ!" ಸಣ್ಣಿ ಹಣೆ ಹಣೆ ಬಡಿದುಕೊಂಡಳು. "ಇದು ಇವತ್ತೂ ಅರಳೂದಿಲ್ಲ, ನಾಳಿಗೂ ಇಲ್ಲ. ಓದ್ದವನ ಕೈ ಇದು!"

"ಓದ್ದವನ ಕೈ ಅಲ್ಲ, ಕಲೀದೇ ಇದ್ದವನ ಕೈ," ಎಂದಳು ಗಂಗಿ. "ಇನ್ನು ಕಲೀತ. ಹಾಳಾದಷ್ಟು ಹೂ ನಮ್ಮ ತೋಟದಿಂದ ತಕ. ಮುಯ್ಯಾಳು ಮುರೀಲಿಲ್ಲ."

ಮತ್ತೆ ಮಗನ ಹತ್ತಿರ ಬಂದು, ಒಂದು ಹಸಿರು ಮೊಗ್ಗು ಎತ್ತಿ ಅವನ ಅಂಗೈಯಲ್ಲಿಟ್ಟಳು. "ಕಂಡ್ಯಾ? ನಿನ್ನ ತಂಗಿನ ಮನೇಲಿ ಕೂರ್ಸು ಅಂದ್ಯಲ, ಹಿಂಗೇ ಆಗೂದು."

ನರೇಶ ಆ ಮೊಗ್ಗನ್ನು ಹೊರಳಿಸಿ ನೋಡಿದ. ಅಷ್ಟರಲ್ಲಿ ಬೇಲಿಯ ಆಚೆ ರಸ್ತೆಯಲ್ಲಿ ಅಂಕಿತಾ, ಎರಡು ಜಡೆ, ತೋಳಿನಲ್ಲಿ ಹೊಸ ಬ್ಯಾಗು, ಅವಸರದಲ್ಲಿ ನಡೆದುಹೋದಳು. ನಾಲ್ವರೂ ಕೈ ನಿಲ್ಲಿಸಿ ನೋಡಿದರು. ಆ ದಿನ ಎರಡು ಮನೆಯ ಮಾಲೆಯೂ ಮೊಳಗಟ್ಟಲೆ ಕಡಿಮೆ ಬಿತ್ತು. ವ್ಯಾನಿನವನು "ಎಂತ, ಇವತ್ತು ಹೂ ಇಲ್ವ?" ಎಂದು ಕೇಳಿದ. "ಉಂಟು, ಕಾಲೇಜಿಗೆ ಹೋಗ್ಯದೆ" ಎಂದು ಗಂಗಿ ತಿರುಗಿ ನಡೆದಳು.

ಅಂಕಿತಾ ಪಿ.ಯು.ಸಿ. ಮುಗಿಸಿ, ಹೊನ್ನಾವರದಲ್ಲಿ ಬಿ.ಎಸ್ಸಿ. ಮಾಡಿದಳು. ಎರಡು ಸಾವಿರದ ಎಂಟರಲ್ಲೂ ಕೇರಿಯವರು ಗಂಗಿಯನ್ನು "ಮಗಳಿಗೆ ಕೆಲಸ ಸಿಕ್ತಾ?" ಎಂದು ಕೇಳುತ್ತಲೇ ಇದ್ದರು. "ಕೆಲಸಕ್ಕೆ ಅರ್ಜಿ ಹಾಕ್ಯದೆ. ಸಿಗ್ಲಿ ಬಿಡ್ಲಿ, ನಾ ಕಳ್ಸದ್ದು ಓದೂಕೆ, ಅದು ಓದ್ತು" ಎಂದು ಗಂಗಿ ಒಂದೇ ಉತ್ತರ ಕೊಡುತ್ತಿದ್ದಳು. ಆದರೆ ಅದೆಲ್ಲ ಆಮೇಲಿನ ಮಾತು. ಅದಕ್ಕೆಲ್ಲ ದಾರಿಯಾದದ್ದು ಆ ಸೋಮವಾರದ ಮರುದಿನ ಬೆಳಿಗ್ಗೆ.

ಮಂಗಳವಾರ ಗಂಗಿ ಎದ್ದು ಮಗನನ್ನು ಕರೆಯಲು ಹೋದರೆ ಚಾಪೆ ಮಡಚಿತ್ತು. ಅವನು ಆಗಲೇ ತೋಟದಲ್ಲಿದ್ದ. ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಮೊಗ್ಗನ್ನು ಕೊಯ್ಯದೆ, ಬೆರಳ ತುದಿಯಲ್ಲಿ ಹಿಡಿದು ನೋಡುತ್ತಿದ್ದ.

"ಅಮ್ಮ, ಇದು ಇವತ್ತಿಂದಾ, ನಾಳಿಂದಾ?"

ಗಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಸಾಲು ಹಿಡಿದಳು.

"ನೀನೇ ಕಂಡ್ಕ. ಓದ್ದವ ಅಲ್ದ ನೀನು?"